ಒಂದೇ ಹೆಸರಿನ ನಾಲ್ವರು

ಕಚೇರಿಯಲ್ಲಿ ನನಗೆ ಅನುಮಾನಪ್ಪ ಎಂದು ಹೆಸರು. ಬೆನ್ನ ಹಿಂದೆ ಕರೆಯುತ್ತಿದ್ದೇವೆಂದು ಅವರ ಎಣಿಕೆ. ನನ್ನ ಕಿವಿ ಇನ್ನೂ ಚೆನ್ನಾಗಿದೆ. ನನಗೇನೂ ಬೇಸರವಿಲ್ಲ. ಗಣ್ಯರ ಬದುಕನ್ನು ಚುಟುಕಾಗಿ ಬರೆದು ಅಚ್ಚು ಹಾಕುವ ವ್ಯಕ್ತಿಕೋಶದ ಸಂಪಾದಕನಿಗೆ ಅನುಮಾನವೇ ಬಂಡವಾಳ. ಸತ್ತವರ ಬಗ್ಗೆ ಜನ ಹೇಳುವಷ್ಟು ಸುಳ್ಳನ್ನು ಮದುವೆಯ ಮಾತುಕತೆಯಲ್ಲೂ ಹೇಳುವುದಿಲ್ಲ. ಅಜ್ಜ ಒಂದು ಬಾವಿ ತೋಡಿಸಿದ್ದರೆ ಮಗ ಬಂದು ಕೆರೆ ಎನ್ನುತ್ತಾನೆ, ಮೊಮ್ಮಗ ಬಂದು ಸಮುದ್ರ ಎನ್ನದಿದ್ದರೆ ನಮ್ಮ ಪುಣ್ಯ. "ಮೊಸರಲ್ಲಿ ಕಲ್ಲು ಹುಡುಕೋದಕ್ಕೆ ನಿಮಗೆ ಸಂಬಳ ಬೇರೆ ಕೊಡ್ತಾರೆ" ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಹಾಗೆ ಹೇಳುವಾಗ ಅವಳು ನಗುತ್ತಿದ್ದರೆ, ಯಾಕೆ ನಗುತ್ತಿದ್ದಾಳೆ ಎಂದು ನನಗೆ ಇನ್ನೊಂದು ಅನುಮಾನ.

ನಮ್ಮ ಕೋಶದಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಬಂದರೆ ಹುಟ್ಟಿದ ಕಾಲದ ಪ್ರಕಾರ ಒಂದು, ಎರಡು, ಮೂರು ಎಂದು ಅಂಕಿ ಹಾಕುತ್ತೇವೆ. ಒಂದು ಹೆಸರಿನಲ್ಲಿ ಮಾತ್ರ ನಾಲ್ವರಿದ್ದರು, ನಾಲ್ವರೂ ಹೆಂಗಸರು. ಒಂದನೆಯವರು ಅರಮನೆಯ ವೈದ್ಯೆ. ಎರಡನೆಯವರು ಭೂಮಾಪಕಿ, ತೀರಿಹೋದ ಅಣ್ಣನ ಕೋಟು ತೊಟ್ಟು, ಉದ್ದವಾದ ತೋಳನ್ನು ಮಡಚಿ ಹೊಲಿದುಕೊಂಡು, ಅಳತೆಯ ಸರಪಳಿ ಹೊತ್ತು ಗುಡ್ಡದ ನೆತ್ತಿಗೆ ಹತ್ತಿ, ಅಲ್ಲಿಂದ ದೊಡ್ಡ ನದಿಯ ಮೂಲವನ್ನು ಮೊದಲು ಗುರುತಿಸಿದವರು. ಮೂರನೆಯವರು ರಂಗಗಾಯಕಿ. ನಾಲ್ಕನೆಯವರು ಈಜು ಕಲಿಸುತ್ತಿದ್ದ ಒಬ್ಬ ಹೆಂಗಸು. ದೋಣಿ ಮುಳುಗಿ ಊರಿನ ಅನೇಕರು ಹೋದ ಮೇಲೆ, ಬಿಟ್ಟಿಯಾಗಿ ಊರ ಮಕ್ಕಳಿಗೆಲ್ಲ ಈಜು ಕಲಿಸಿದರು ಎಂದು ಎರಡೂವರೆ ಸಾಲು, ಅಷ್ಟೇ. ಚಿತ್ರವಿಲ್ಲ, ಹುಟ್ಟಿದ ವರ್ಷವಿಲ್ಲ, ಅದಕ್ಕೇ ಕೊನೆಯ ಅಂಕಿ.

ಈ ನಾಲ್ವರಲ್ಲಿ ಒಬ್ಬರು ಹುಟ್ಟಿಯೇ ಇರಲಿಲ್ಲ. ನಮ್ಮ ಕಸುಬಿನಲ್ಲಿ ಅದೊಂದು ಪದ್ಧತಿ. ಬೇರೆ ಪ್ರಕಾಶಕರು ನಮ್ಮ ಪುಸ್ತಕವನ್ನು ಕದ್ದು ನಕಲು ಮಾಡಿದರೆ ಸಿಕ್ಕಿಬೀಳಲಿ ಎಂದು, ಸಾವಿರಾರು ನಿಜವಾದ ಜನರ ನಡುವೆ ಕಲ್ಪಿಸಿ ಕಟ್ಟಿದ ಒಬ್ಬ ವ್ಯಕ್ತಿಯನ್ನು ನಿಲ್ಲಿಸುವುದು. ಆ ವ್ಯಕ್ತಿ ಇನ್ನೊಬ್ಬರ ಪುಸ್ತಕದಲ್ಲಿ ಕಂಡರೆ ಕಳ್ಳತನ ಖಚಿತ. ನಾವು ಅದನ್ನು ಬೆದರುಗೊಂಬೆ ಎನ್ನುತ್ತೇವೆ. ಬೆದರುಗೊಂಬೆ ಯಾರೆಂಬುದು ಪ್ರಧಾನ ಸಂಪಾದಕರಿಗೆ ಮಾತ್ರ ಗೊತ್ತು. ಅದನ್ನು ಎಲ್ಲಿಯೂ ಬರೆದಿಡುವುದಿಲ್ಲ. ನನ್ನ ಹಿಂದಿನ ಪ್ರಧಾನರು ನಿವೃತ್ತರಾದ ದಿನ ಕುರ್ಚಿಯ ಬೆನ್ನು ತಟ್ಟಿ, "ಆ ಹೆಸರಿನ ನಾಲ್ವರಲ್ಲಿ ಒಬ್ಬರು ನನ್ನ ಸೃಷ್ಟಿ ಕಣಯ್ಯಾ. ಯಾರು ಅಂತ ನೀನೇ ಕಂಡುಹಿಡಿ" ಎಂದರು. "ಅದೇನು ಕಷ್ಟ ಸಾರ್, ನಾಲ್ಕನೆಯವರು" ಎಂದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಎರಡನೆಯವರ ಮೇಲೆ ಅನುಮಾನ ಬರುವ ಪ್ರಶ್ನೆಯೇ ಇರಲಿಲ್ಲ. ನನ್ನ ಮಗಳಿಗೆ ಇಟ್ಟಿರುವುದು ಆ ಭೂಮಾಪಕಿಯ ಹೆಸರು. ಆಗ ನಾನು ಕಚೇರಿಗೆ ಹೊಸಬ; ಕರಡು ತಿದ್ದುತ್ತಾ ಆ ಅರ್ಧ ಪುಟ ಓದಿ, ಹುಟ್ಟುವುದು ಹೆಣ್ಣಾದರೆ ಇದೇ ಹೆಸರು ಎಂದು ಅಲ್ಲೇ ತೀರ್ಮಾನಿಸಿದ್ದೆ. ಆ ನಾಲ್ವರ ನಂತರದವಳೆಂದು ಮನೆಯಲ್ಲಿ ಅವಳನ್ನು 'ಐದು' ಎಂದೇ ಕರೆಯುವುದು. ಈಗ ಅವಳೂ ಭೂಮಾಪನ ಇಲಾಖೆಯಲ್ಲಿ ಕೆಲಸದಲ್ಲಿದ್ದಾಳೆ, ಬಿಸಿಲಲ್ಲಿ ತಿರುಗಿ ತಿರುಗಿ ಕಪ್ಪಾಗಿದ್ದಾಳೆ. ಅವಳ ಬಗ್ಗೆ ಹೇಳುವಾಗ ನನ್ನ ಎದೆ ಉಬ್ಬುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಹೊಸ ಆವೃತ್ತಿಯ ಕೆಲಸ ಮುಗಿಯುತ್ತಾ ಬಂದಾಗ ಮಾಲೀಕರು ನನ್ನ ಕೋಣೆಗೆ ಬಂದರು. "ಈ ಸಲ ಪುಸ್ತಕ ಶಾಲೆಗಳಿಗೆ ಹೋಗುತ್ತೆ. ಮಕ್ಕಳ ಕೈಗೆ ಸುಳ್ಳು ಕೊಡೋದು ಬೇಡ. ನಿಮ್ಮ ಬೆದರುಗೊಂಬೇನ ತೆಗೆದುಬಿಡಿ" ಎಂದರು. ನಾನು ನಾಲ್ಕನೆಯವರ ಎರಡೂವರೆ ಸಾಲಿನ ಪಕ್ಕ ಕೆಂಪು ಗುರುತು ಹಾಕಿ, ಆ ಹಾಳೆಯನ್ನು ಅಚ್ಚಿಗೆ ಕಳಿಸುವುದಕ್ಕೆಂದು ಬದಿಗಿಟ್ಟೆ.

ಆ ಹಾಳೆ ಇನ್ನೂ ಮೇಜಿನ ಮೇಲಿರುವಾಗಲೇ ಆ ಹೆಂಗಸು ಬಂದರು. ಅರವತ್ತು ದಾಟಿದ ವಯಸ್ಸು, ಗಟ್ಟಿ ದನಿ, ಹೆಗಲಿಗೆ ಅಡ್ಡಲಾಗಿ ಚರ್ಮದ ಚೀಲ. ನಿವೃತ್ತ ಬಸ್ ಕಂಡಕ್ಟರ್ ಎಂದು ತಾವೇ ಹೇಳಿಕೊಂಡು, ಕೂರಿ ಎನ್ನುವ ಮುಂಚೆಯೇ ಕುಳಿತರು.

"ಅಮ್ಮ ಹೋದ ತಿಂಗಳು ತೀರ್ಕೊಂಡ್ರು ಸಾರ್. ನಿಮ್ಮ ಪುಸ್ತಕದಲ್ಲಿ ಅವರದ್ದಿದೆ. ತೀರ್ಕೊಂಡ ವರ್ಷ ಸೇರಿಸ್ಬೇಕಿತ್ತು" ಎಂದರು. ಯಾವ ಹೆಸರು ಎಂದೆ. ಅವರು ಆ ಹೆಸರು ಹೇಳಿ, "ನಾಲ್ಕನೇ ನಂಬರು" ಎಂದರು.

ನನಗೆ ಒಳಗೊಳಗೇ ಖುಷಿಯಾಯಿತು. ಇಲ್ಲದವರಿಗೆ ಮಕ್ಕಳಾಗಿರುವುದನ್ನು ನಾನು ಅಲ್ಲಿಯವರೆಗೂ ಕಂಡಿರಲಿಲ್ಲ. ಇಲ್ಲದವರು ತೀರಿಕೊಂಡದ್ದು ಅದಕ್ಕಿಂತ ಹೊಸದು. ಯಾವುದೋ ಪಿಂಚಣಿಗೋ ಸನ್ಮಾನಕ್ಕೋ ಗಾಳ ಹಾಕಿದ್ದಾರೆ ಎಂದುಕೊಂಡು ಒಂದೊಂದಾಗಿ ಪ್ರಶ್ನೆ ಕೇಳತೊಡಗಿದೆ. ನಿಮ್ಮ ತಾಯಿ ಹುಟ್ಟಿದ್ದು ಯಾವ ವರ್ಷ? ಗೊತ್ತಿಲ್ಲ. ಅವರಿಗೆ ಈಜು ಕಲಿಸಿದವರು ಯಾರು? ಕೇಳಿಲ್ಲ. ಒಂದು ಫೋಟೋ? ತೆಗೆಸಿಕೊಳ್ತಿರಲಿಲ್ಲ, ಒದ್ದೆ ಕೂದಲಲ್ಲಿ ಚೆನ್ನಾಗಿ ಕಾಣಲ್ಲ ಅಂತಿದ್ರು. ಮುಳುಗಿದ ದೋಣಿಯಲ್ಲಿ ನಿಮ್ಮವರು ಯಾರಾದರೂ ಇದ್ದರೇ? ಅವರು ಚೀಲದ ಪಟ್ಟಿ ಎಳೆದುಕೊಂಡರು. "ಇರಬಹುದು. ಆ ಮಾತು ಎತ್ತಿದ್ರೆ ಅಮ್ಮ ಎದ್ದು ಹೋಗ್ತಿದ್ರು."

ತಾಯಿಯ ಬಗ್ಗೆ ಏನೂ ಗೊತ್ತಿಲ್ಲದ ಮಗಳು! ತಯಾರಿ ಸಾಲದು ಎಂದು ಮನಸ್ಸಿನಲ್ಲೇ ಅಂಕ ಕಳೆದೆ. ಆಮೇಲೆ, ಇನ್ನು ಸುತ್ತಿ ಬಳಸುವುದು ಬೇಡವೆಂದು, "ನೋಡಿ, ಈ ಸಾಲುಗಳನ್ನೇ ತೆಗೆದುಹಾಕುತ್ತಿದ್ದೇವೆ. ಅಂಥವರು ಯಾರೂ ಇರಲಿಲ್ಲ" ಎಂದೆ.

"ಇರ್ಲಿಲ್ವಾ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ನಾನು ಯಾರ ಹೊಟ್ಟೇಲಿ ಹುಟ್ಟಿದೆ ಸಾರ್?"

ಅವರ ದನಿ ಇಳಿಯಿತು. "ಅಮ್ಮನಿಗೆ ಓದೋಕೆ ಬರ್ತಿರಲಿಲ್ಲ. ನಿಮ್ಮ ಪುಸ್ತಕ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಕೊಂಡು ಕೂತಿರೋರು. ಇದು ನಾನು ತಾನೇ ಅಂತ ಕೇಳೋರು. ಹೌದಮ್ಮ ಅಂತಿದ್ದೆ. ಅವರ ಹೆಸರು ಇರೋದು ಅದೊಂದೇ ಜಾಗದಲ್ಲಿ. ನೀವು ಅದನ್ನೂ ಒರೆಸಿಹಾಕಿದ್ರೆ ನಾನು ಎಲ್ಲಿ ಹುಡುಕಲಿ ಹೇಳಿ." ಚೀಲದಿಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಚೆನ್ನಾಗಿ ಅಳುತ್ತಾರೆ ಎಂದುಕೊಂಡೆ. ನಾನು ಅಂಥವನು.

ಹೊರಡುವಾಗ ಬಾಗಿಲಲ್ಲಿ ನಿಂತು, "ನಾಳೆ ಬೆಳಿಗ್ಗೆ ಪುರಸಭೆ ಈಜುಕೊಳಕ್ಕೆ ಬನ್ನಿ. ಬಂದು ನೋಡಿ. ಆಮೇಲೆ ಏನಾದ್ರೂ ಮಾಡ್ಕೊಳ್ಳಿ" ಎಂದರು.

ಹೋದೆ. ನಂಬಿ ಹೋಗಲಿಲ್ಲ, ಕಳ್ಳಿಯನ್ನು ಕೈಯಾರೆ ಹಿಡಿಯಲು ಹೋದೆ. ಬೆಳಗಿನ ಹೊತ್ತು ಕೊಳದಲ್ಲಿ ಬರೀ ಮುದುಕ ಮುದುಕಿಯರು. ಕ್ಲೋರಿನ್ ವಾಸನೆ, ಒದ್ದೆ ಟವೆಲ್ಲುಗಳು, ಕಂಬಕ್ಕೆ ಒರಗಿಸಿಟ್ಟ ಊರುಗೋಲುಗಳು. ಕಂಡಕ್ಟರಮ್ಮ ದೂರದ ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದರು; ನನ್ನನ್ನು ನೋಡಿ ತಲೆ ಅಲ್ಲಾಡಿಸಿದರೇ ಹೊರತು ಎದ್ದು ಬರಲಿಲ್ಲ.

ಏನು ನೋಡಬೇಕು ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ಕೇಳಿಸಿತು. ಒಬ್ಬ ಅಜ್ಜಿ ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲ ಮೇಲೆ ಕುಳಿತು, ಬಾಯಿ ಮುಳುಗುವಷ್ಟು ಮುಖವನ್ನು ನೀರಿಗೆ ಇಳಿಸಿ, 'ಹೂಂ' ಎಂದು ಉಸಿರು ಮುಗಿಯುವವರೆಗೂ ಗುನುಗಿದರು. ನೀರು ಗುಳುಗುಳು ಎಂದಿತು. ಆಮೇಲೆಯೇ ಈಜಲು ಹೊರಟರು. ಅವರ ಹಿಂದೆ ಬಂದವರೂ ಹಾಗೆಯೇ ಮಾಡಿದರು. ಅವರ ಹಿಂದೆ ಬಂದವರೂ. ಜಂಬದ ಮುದುಕರು, ಕೈ ನಡುಗುವವರು, ಒಬ್ಬರಿಗೊಬ್ಬರು ಮಾತಾಡದವರು, ಎಲ್ಲರೂ ಒಮ್ಮೆ ಮೆಟ್ಟಿಲ ಮೇಲೆ ಕುಳಿತು ನೀರಿಗೆ ಹೂಂಗುಟ್ಟಿ ಮುಂದೆ ಹೋಗುತ್ತಿದ್ದರು.

ಹೇಳಿಕೊಟ್ಟು ಕರೆತಂದಿದ್ದಾರೆ ಎಂದು ಮನಸ್ಸು ತಕ್ಷಣ ಹೇಳಿತು. ಆದರೆ ಅವರ ನಡುವೆ ನನ್ನ ಹಲ್ಲಿನ ಡಾಕ್ಟರು ಇದ್ದರು. ಯಾರ ಮಾತಿಗೂ ಸೊಪ್ಪು ಹಾಕದ ಮನುಷ್ಯ. ನೋಯುತ್ತಿದೆ ಎಂದರೂ ಬಾಯಿ ಮುಚ್ಚಬೇಡಿ ಎಂದು ಗದರುವವರು. ಅವರೂ ಕುಳಿತು ಹೂಂಗುಟ್ಟಿದರು. ಮೇಲೆ ಬಂದಾಗ ಅದೇನು ಎಂದು ಕೇಳಿದೆ.

"ಈಜು ಕಲಿಸಿದೋರು ಹಾಗೆ ಹೇಳಿಕೊಟ್ಟಿದ್ದು. ಹೂಂಗುಡ್ತಾ ಇದ್ರೆ ಉಸಿರು ಹೊರಗೆ ಹೋಗ್ತಾ ಇರುತ್ತೆ, ನೀರು ಒಳಗೆ ಬರಲ್ಲ, ಭಯಾನೂ ಆಗಲ್ಲ ಅಂತಿದ್ರು." ಆ ಹೆಸರು ಹೇಳಿದರು. "ನಂಗೆ ಏಳು ವರ್ಷ. ಅಳ್ತಾ ನಿಂತಿದ್ದವನನ್ನ ಎತ್ತಿ ನೀರಿಗೆ ಹಾಕಿಬಿಟ್ರು. ಆ ಸಿಟ್ಟು ಇನ್ನೂ ಹೋಗಿಲ್ಲ ನೋಡಿ. ಹೋದ ತಿಂಗಳು ತೀರ್ಕೊಂಡ್ರಂತೆ." ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಅವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರು.

ನಾನು ಬೆಂಚಿನ ಬಳಿಗೆ ಹೋದೆ. ನಾಚಿಕೆಯಾಗುತ್ತಿತ್ತು. "ನಿಮ್ಮ ತಾಯಿಯ ಸಾಲು ಇರುತ್ತದೆ. ವರ್ಷವನ್ನೂ ಸೇರಿಸುತ್ತೇನೆ" ಎಂದೆ.

"ಅಚ್ಚಾಗಿ ಬರಲಿ, ಆಮೇಲೆ ನಂಬ್ತೀನಿ" ಎಂದರು ಕಂಡಕ್ಟರಮ್ಮ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಕಚೇರಿಗೆ ಬಂದು ಕೆಂಪು ಗುರುತು ಅಳಿಸಿದೆ. ಅಳಿಸಿದ ಮೇಲೆ ಹೊಳೆಯಿತು: ನಾಲ್ಕನೆಯವರು ಇದ್ದರು ಎಂದಮೇಲೆ ಉಳಿದ ಮೂವರಲ್ಲಿ ಒಬ್ಬರು ಇರಲಿಲ್ಲ. ವೈದ್ಯೆಯ ಸಮಾಧಿಯನ್ನು ನಾನೇ ಹೋಗಿ ನೋಡಿದ್ದೇನೆ. ಗಾಯಕಿಯ ದನಿ ಹಳೆಯ ಧ್ವನಿಮುದ್ರಿಕೆಗಳಲ್ಲಿದೆ, ನನ್ನ ಹೆಂಡತಿ ಅಡುಗೆಮನೆಯಲ್ಲಿ ಹಾಡುವುದು ಅವರ ಹಾಡುಗಳನ್ನೇ. ಎರಡನೆಯವರ ಅರ್ಧ ಪುಟವನ್ನು, ನನಗೆ ಬಾಯಿಪಾಠವಾಗಿದ್ದ ಆ ಅರ್ಧ ಪುಟವನ್ನು, ತಿದ್ದುವವನ ಕಣ್ಣಿನಿಂದ ಮೊದಲ ಸಲ ಓದಿದೆ. ಎಲ್ಲ ಇತ್ತು. ಹುಟ್ಟು, ಸಾವು, ಅಣ್ಣನ ಕೋಟು, ಮಡಚಿ ಹೊಲಿದ ತೋಳು. ಒಂದು 'ಇರಬಹುದು' ಇರಲಿಲ್ಲ, ಒಂದು 'ತಿಳಿದುಬಂದಿಲ್ಲ' ಇರಲಿಲ್ಲ. ನಿಜವಾಗಿ ಬದುಕಿದವರ ಬಗ್ಗೆ ಯಾರಿಗೂ ಇಷ್ಟೆಲ್ಲ ಗೊತ್ತಿರುವುದಿಲ್ಲ. ನಿನ್ನೆ ಆ ಕಂಡಕ್ಟರಮ್ಮನಿಗೆ ಹೆತ್ತ ತಾಯಿಯ ಬಗ್ಗೆಯೇ ಗೊತ್ತಿರಲಿಲ್ಲ.

ನೇರವಾಗಿ ಹಳೆಯ ಪ್ರಧಾನರ ಮನೆಗೆ ಹೋದೆ. ಅವರು ವರಾಂಡದಲ್ಲಿ ಮುರಿದ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದರು. ನನ್ನ ಮುಖ ನೋಡಿದ್ದೇ ಬೆತ್ತ ಕೆಳಗಿಟ್ಟರು.

"ಎರಡನೆಯವರು" ಎಂದೆ.

"ಹೂಂ."

"ಹೆಸರಿಡೋ ದಿನ ನೀವು ಮನೆಗೆ ಬಂದಿದ್ರಿ ಸಾರ್. ಊಟ ಮಾಡಿ ಹೋದ್ರಿ."

"ಹೇಳ್ಬೇಕು ಅಂತಲೇ ಬಂದಿದ್ದೆ ಕಣಯ್ಯಾ. ನೀನು ಮಗೂನ ತಂದು ನನ್ನ ಮಡಿಲಲ್ಲಿ ಹಾಕಿದೆ. ಇವಳು ನದೀನ ಅಳೀತಾಳೆ ಸಾರ್ ಅಂದೆ. ನಿನ್ನ ಮುಖ ನೋಡಿ ನನ್ನ ಬಾಯಿ ಕಟ್ಟಿಹೋಯ್ತು." ಬೆತ್ತವನ್ನು ಮತ್ತೆ ಕೈಗೆತ್ತಿಕೊಂಡು, "ನಿವೃತ್ತಿಯ ದಿನವಾದ್ರೂ ನೀನೇ ಕಂಡುಕೊಳ್ತೀಯ ಅಂದ್ಕೊಂಡೆ. ಊರನ್ನೆಲ್ಲ ಅನುಮಾನಿಸೋನು, ಅದೊಂದನ್ನ ಬಿಟ್ಟೆ" ಎಂದರು. ಸಿಟ್ಟು ಬಂದಿತ್ತು. ಅವರು ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದೆ.

ಮಗಳಿಗೆ ಹೇಗೆ ಹೇಳುವುದು ಎಂಬುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯುತ್ತಿತ್ತು. ಅವಳು ಆ ಕೆಲಸಕ್ಕೆ ಸೇರಿದ್ದೇ ಆ ಅರ್ಧ ಪುಟದಿಂದ. ಊಟಕ್ಕೆ ಕುಳಿತಾಗ, ಅನ್ನಕ್ಕೆ ಕೈ ಹಾಕದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ಊಟ ನಿಲ್ಲಿಸಲಿಲ್ಲ.

"ಗೊತ್ತಪ್ಪ" ಎಂದಳು.

"ಏನು ಗೊತ್ತು?"

"ಕೆಲಸಕ್ಕೆ ಸೇರಿದ ವರ್ಷವೇ ಆ ಗುಡ್ಡ ಹತ್ತಿದೆ. ಅವಳು ನಿಂತ ಜಾಗದಲ್ಲಿ ನಿಂತು ನೋಡ್ಬೇಕು ಅಂತ ಆಸೆ ಇತ್ತು. ಅಲ್ಲಿಂದ ನದಿಯ ಮೂಲ ಕಾಣೋದೇ ಇಲ್ಲ. ನಡುವೆ ಇನ್ನೊಂದು ಗುಡ್ಡ ಅಡ್ಡ ಇದೆ. ಅಲ್ಲೇ ಕೂತು ಒಂದಷ್ಟು ಹೊತ್ತು ಅತ್ತೆ. ಆಮೇಲೆ ಇಳಿದು ಬಂದೆ, ಕೆಲಸ ಇತ್ತಲ್ಲ." ಅವಳು ನನ್ನ ತಟ್ಟೆಗೆ ಪಲ್ಯ ಬಡಿಸಿದಳು. "ಹೋಗ್ಲಿ ಬಿಡು, ನಂಗೆ ಬಡ್ತಿ ಆಯ್ತು. ಐದರಿಂದ ನಾಲ್ಕಕ್ಕೆ."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

"ನಿನಗೂ ಗೊತ್ತಿತ್ತು."

"ಗುಡ್ಡದಿಂದ ಬಂದ ದಿನವೇ ನಂಗೆ ಹೇಳಿದ್ಲು."

"ಇಷ್ಟು ವರ್ಷ ಒಂದೇ ಮನೇಲಿದ್ದು ನನ್ನಿಂದ ಮುಚ್ಚಿಟ್ರಿ. ನಾನು ಏನಂತ ತಿಳ್ಕೋಬೇಕು?"

"ಏನಾದ್ರೂ ತಿಳ್ಕೊಳ್ಳಿ" ಎಂದಳು ಹೆಂಡತಿ. "ಹಾಲಿನವನನ್ನ ನಂಬಲ್ಲ, ನಿಮ್ಮ ತಮ್ಮನ್ನ ನಂಬಲ್ಲ, ನಾನು ನಕ್ರೆ ಅದನ್ನೂ ನಂಬಲ್ಲ. ಜನ್ಮದಲ್ಲಿ ನೀವು ನಂಬಿದ್ದು ಅದೊಂದನ್ನೇ. ಅದನ್ನೂ ನಾವೇ ಕಿತ್ಕೋಬೇಕಿತ್ತಾ?"

ಮಗಳು ನೀರಿನ ಲೋಟ ನನ್ನ ಹತ್ತಿರಕ್ಕೆ ತಳ್ಳಿದಳು. ನಾನು ಕುಡಿದೆ.

ಮರುದಿನ ಕಚೇರಿಯಲ್ಲಿ ಈಜಿನವರ ಸಾಲಿಗೆ ಅವರು ತೀರಿಕೊಂಡ ವರ್ಷ ಸೇರಿಸಿದೆ. ಹುಟ್ಟಿದ ವರ್ಷದ ಜಾಗವನ್ನು ಖಾಲಿ ಬಿಟ್ಟೆ. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಭೂಮಾಪಕಿಯ ಅರ್ಧ ಪುಟದ ಮುಂದೆ ಕುಳಿತೆ. ಹೊಡೆದುಹಾಕುವ ಮುಂಚೆ ಇನ್ನೊಂದು ಸಲ ಓದಿದೆ. ಓದುತ್ತಾ ಓದುತ್ತಾ ಅವಳು ಆ ಗುಡ್ಡ ಹತ್ತಿಯೇ ಹತ್ತಿರಬೇಕು ಎಂದು ನನಗೆ ಈಗಲೂ ಅನ್ನಿಸಿತು.