ಪರದೆಯಾಚೆ ಕಳಿಸಿದ ಮಾತು

ಶಹ್ಲಾ ಗಂಡನ ಜೊತೆ ಮಾತು ಬಿಟ್ಟಿದ್ದು ಒಂದು ಕೋಳಿಯ ದೆಸೆಯಿಂದ. ಕೇಸರಿ, ನಿಂಬೆರಸ, ಈರುಳ್ಳಿ ಹಚ್ಚಿ ನೆನೆಸಿಟ್ಟಿದ್ದ ಎರಡು ಕಿಲೋ ಕೋಳಿಮಾಂಸ ನೌಶಹರದಲ್ಲಿ ರಜೆಗೆಂದು ಹಿಡಿದಿದ್ದ ಬಾಡಿಗೆ ಮನೆಯ ಫ್ರಿಜ್ಜಿನಲ್ಲೇ ಉಳಿದಿತ್ತು. ಅದು ಗೊತ್ತಾಗಿದ್ದು ಕಡಲ ದಾರಿಯ ಮೊದಲ ಈಜುತಾಣದಲ್ಲಿ, ಇದ್ದಿಲು ಕೆಂಡವಾದ ಮೇಲೆ.

"ನಿಮ್ಮ ಮನೆಯವರಿಗೆಲ್ಲ ಮರೆವು ಹುಟ್ಟಿನಿಂದಲೇ ಬಂದಿದ್ದು ಬಿಡು," ಎಂದ ಗಂಡ ಇರಜ್. ಅದೂ ಅವಳ ಅಕ್ಕ ಮಹಿನ್, ಭಾವ ಬಹ್ಮನ್ ಇಬ್ಬರ ಎದುರಿಗೇ.

"ಡಿಕ್ಕಿ ತುಂಬಿದ್ದು ಯಾರು, ನಾನಾ? ಆರು ಸಲ ತೆಗೆದು ಜೋಡಿಸಿದ್ರಲ್ಲ, ಆಗ ಕಣ್ಣೆಲ್ಲಿಟ್ಟಿದ್ರಿ?"

"ಇವಳನ್ನ ಕಟ್ಕೊಂಡು ಹತ್ತು ವರ್ಷದಿಂದ ನಂದು ಇದೇ ಪಾಡು, ಬಹ್ಮನ್."

ಶಹ್ಲಾ ತನ್ನ ಚೀಲ ಎತ್ತಿಕೊಂಡು ಹೋಗಿ ಅಕ್ಕನ ಕಾರಿನಲ್ಲಿ ಕೂತಳು. ಇರಜ್ ತನ್ನ ಕಾರಿನ ಬಾಗಿಲು ಧಡಾರನೆ ಹಾಕಿಕೊಂಡ. ಮಕ್ಕಳು ಠೂ ಬಿಟ್ಟರೆ ಸಂಜೆಯೊಳಗೆ ಸರಿಹೋಗುತ್ತಾರೆ. ದೊಡ್ಡವರಿಗೆ ಅದೂ ಬರುವುದಿಲ್ಲ. ಆರು ವರ್ಷದ ಮಗಳು ಗೊಲ್ನೂಶ್ ಅಂದು ಅವರಿಬ್ಬರ ಅಂಚೆಯವಳಾದಳು.

"ನಿಮ್ಮಪ್ಪಂಗೆ ಹೇಳು, ಟೀ ಫ್ಲಾಸ್ಕು ಅವರ ಕಾರಲ್ಲಿದೆ ಅಂತ."

"ನಿಮ್ಮಮ್ಮಂಗೆ ಹೇಳು, ಕಾಲಿದ್ರೆ ಬಂದು ತಗೊಳ್ಳಲಿ ಅಂತ."

ಮಗು ಓಡಿಬಂದು ಒಪ್ಪಿಸುತ್ತಿತ್ತು. ಅಪ್ಪ ಹುಬ್ಬು ಗಂಟಿಕ್ಕಿದ್ದರೆ ತಾನೂ ಗಂಟಿಕ್ಕಿ ತೋರಿಸುತ್ತಿತ್ತು. ಮಹಿನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಹ್ಲಾಗೂ ನಗು ಬಂತು, ಆದರೆ ನುಂಗಿಕೊಂಡಳು. ನಕ್ಕರೆ ಸೋತಂತೆ ಎಂಬ ಹಟ ಅವಳದು.

ಎರಡನೆಯ ತಾಣ ಅಬ್ಬಾಸಾಬಾದಿನಲ್ಲಿ. ಅಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಕಡಲು. ನಡುವೆ ಕಬ್ಬಿಣದ ಕಂಬಗಳಿಗೆ ಕಟ್ಟಿದ ನೀಲಿ ಟಾರ್ಪಾಲು, ಮರಳಿನಿಂದ ಎದೆಮಟ್ಟದ ನೀರಿನವರೆಗೂ. ಒಂದು ಪರದೆಯಾದರೆ ಯಾರಾದರೂ ಇಣುಕಿಯಾರು ಎಂದು ಎರಡು ಕಟ್ಟಿದ್ದರು, ಮಧ್ಯೆ ಎರಡು ಮೊಳ ಜಾಗ ಬಿಟ್ಟು. ಚಿಕ್ಕ ಮಕ್ಕಳಿಗೆ ಮಾತ್ರ ಎರಡೂ ಕಡೆ ಸಲ್ಲುತ್ತಿತ್ತು. ಗೊಲ್ನೂಶ್ ಬಾಗಿಲು ಸುತ್ತಿ ಹೋಗುವ ಗೋಜಿಗೇ ಹೋಗದೆ ಟಾರ್ಪಾಲಿನ ಅಡಿ ತೂರಿ ಅತ್ತಿಂದಿತ್ತ ಓಡಾಡಿದಳು. ತೋಳಿಗೆ, ಮುಳುಗದಿರಲೆಂದು ಗಾಳಿ ತುಂಬಿ ತೊಡಿಸಿದ ಕಿತ್ತಳೆ ಬಣ್ಣದ ಗಾಳಿಪಟ್ಟಿಗಳು.

ಮಧ್ಯಾಹ್ನ ಶಹ್ಲಾ ಅವಳ ಕೈಗೊಂದು ಟವೆಲ್ಲು ಕೊಟ್ಟಳು. "ಅಪ್ಪಂಗೆ ಕೊಟ್ಟು ನೀನೂ ಅಲ್ಲೇ ಇರು. ನಾನು ಬಟ್ಟೆ ಬದಲಾಯಿಸ್ಕೋಬೇಕು."

ಅವಳು ಹೊರಗೆ ಬಂದಾಗ ಇರಜ್ ಯಾರಿಗೂ ಕಾಯದೆ ಕಾರು ತೆಗೆದುಕೊಂಡು ಹೊರಟಾಗಿತ್ತು. ಹೋಗಲಿ, ಮಗು ಹಿಂದಿನ ಸೀಟಿನಲ್ಲಿ ಮಲಗಿರುತ್ತದೆ ಎಂದುಕೊಂಡಳು ಶಹ್ಲಾ. ಅಕ್ಕನ ಕಾರಿನಲ್ಲಿ ಸೂರ್ಯಕಾಂತಿ ಬೀಜ ಬಿಡಿಸುತ್ತ ಮುಕ್ಕಾಲು ಗಂಟೆ ಗಂಡನ ಮೇಲೆ ದೂರು ಹೇಳಿದಳು. ಹೇಳಿ ಹೇಳಿ ಮನಸ್ಸು ಹಗುರವಾಗಿತ್ತು.

ಮೂರನೆಯ ತಾಣವಾದ ರಾಮ್ಸರಿನಲ್ಲಿ ಇರಜ್ ಕಾರಿಗೊರಗಿ ನಿಂತಿದ್ದ. ಅವಳು ಇಳಿದಳು. ಅವನು ಅವಳ ಹಿಂದೆ, ಕಾರಿನೊಳಗೆ, ನೋಡಿದ. ಅವಳು ಅವನ ಕಾರಿನೊಳಗೆ ನೋಡಿದಳು. ಹಿಂದಿನ ಸೀಟಿನಲ್ಲಿ ಫ್ಲಾಸ್ಕು ಒಂದೇ ಇತ್ತು.

"ಮಗು ಎಲ್ಲಿ?"

ಇಬ್ಬರೂ ಒಟ್ಟಿಗೇ ಕೇಳಿದರು. ಜಗಳವಾದ ಮೇಲೆ ಅವರು ನೇರ ಆಡಿದ ಮೊದಲ ಮಾತು ಅದು.

"ನಿಮ್ಮ ಹತ್ರ ಕಳಿಸಿದ್ನಲ್ಲ! ಟವೆಲ್ಲು ಕೊಟ್ಟು!"

"ಟವೆಲ್ಲು ಬಂತು. ನಾನು ನಿಂಗೇನೋ ಹೇಳು ಅಂತ ವಾಪಸ್ ನಿನ್ನ ಹತ್ರಾನೇ ಕಳಿಸ್ದೆ. ಅಮ್ಮನ ಜೊತೇನೇ ಇರು ಅಂದೆ!"

ಶಹ್ಲಾಳ ಕಿವಿ ಗುಂಯ್ಗುಟ್ಟಿತು. ಅಕ್ಕ ಏನೋ ಹೇಳುತ್ತಿದ್ದಳು, ಬಾಯಿ ಅಲುಗುವುದಷ್ಟೇ ಕಾಣುತ್ತಿತ್ತು. ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತು, ಮಗು ನಿಮ್ಮ ಜೊತೆ ಇದೆಯಾ ಅಂತ.

ಇರಜ್ ಕಾರು ತಿರುಗಿಸಿದ. ಅವಳು ಅವನ ಪಕ್ಕದಲ್ಲಿ ಕೂತಳು. ವಾರದ ರಜೆಯಾದ ಶುಕ್ರವಾರದ ದಾರಿ, ಎಲ್ಲ ಊರಿನವರೂ ಅಲ್ಲೇ ಇದ್ದರು. ಜೋಳ ಸುಡುವವರ ಮುಂದೆ ಎರಡೆರಡು ಸಾಲಿನಲ್ಲಿ ಕಾರು ನಿಲ್ಲಿಸಿಕೊಂಡು ಜನ ಹರಟುತ್ತಿದ್ದರು. ಎಡಕ್ಕೆ ಕಡಲು, ಬಿಡದೆ ಕಾಣುತ್ತಿತ್ತು. ಅವಳು ಅತ್ತ ನೋಡಲಿಲ್ಲ.

"ಅವಳಿಗೆ ಈಜು ಬರಲ್ಲ," ಎಂದಳು.

"ಗೊತ್ತು, ಶಹ್ಲಾ."

ಅಬ್ಬಾಸಾಬಾದಿನಲ್ಲಿ ಹೆಂಗಸರ ಬಾಗಿಲು ಕಾಯುವ ಮುದುಕಿ ಕೈ ಅಡ್ಡ ಹಿಡಿದಳು. "ಮೊಬೈಲು ಇಲ್ಲಿಟ್ಟು ಹೋಗಮ್ಮಾ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ."

"ನನ್ನ ಮಗಳು... ಕಿತ್ತಳೆ ಪಟ್ಟಿ..."

"ಕಿತ್ತಳೆ ಪಟ್ಟಿ ಇನ್ನೂರು ಮಕ್ಕಳು ಹಾಕ್ಕೊಂಡಿದಾವೆ. ಮೊಬೈಲು ಇಡು ಅಂದ್ನಲ್ಲ?"

ಮೊಬೈಲನ್ನು ಅವಳತ್ತ ಎಸೆದು ಶಹ್ಲಾ ಓಡಿದಳು. ನೀರಂಚಿನಲ್ಲಿ ಒಂದು ಗಾಳಿಪಟ್ಟಿ ಬಿದ್ದಿತ್ತು. ಎತ್ತಿಕೊಂಡಳು. ಒಳಬದಿಯಲ್ಲಿ ಅವಳೇ ಪೆನ್ನಿನಿಂದ ಬರೆದ ಅಕ್ಷರ: ಗೊಲ್ನೂಶ್.

ಪರದೆಯಾಚೆಯಿಂದ ಇರಜ್ ಕೂಗಿದ, "ಶಹ್ಲಾ! ಇದಾಳಾ?"

ಅವಳು ಪಟ್ಟಿ ಹಿಡಿದು ಪರದೆಯತ್ತ ಓಡಿದಳು. "ಇಲ್ಲಾ! ಪಟ್ಟಿ ಸಿಕ್ತು! ಬರೀ ಪಟ್ಟಿ!"

ಅಷ್ಟರಲ್ಲಿ, ಕೈಗೆಟಕುವಷ್ಟು ಹತ್ತಿರದಲ್ಲೇ, ಯಾರೋ ಬಿಕ್ಕಳಿಸಿದ್ದು ಕೇಳಿಸಿತು.

ಶಹ್ಲಾ ಟಾರ್ಪಾಲನ್ನು ಎರಡೂ ಕೈಯಿಂದ ಎತ್ತಿದಳು. ಅದೇ ಹೊತ್ತಿಗೆ ಆಚೆಯದನ್ನು ಇರಜ್ ಎತ್ತಿದ. ಹೆಂಗಸರು ಚೀರಿ ನೀರಿಗಿಳಿದರು, ಮುದುಕಿ ಸೀಟಿ ಊದುತ್ತ ಓಡಿಬಂದಳು. ಎರಡು ಪರದೆಗಳ ನಡುವೆ, ಒದ್ದೆ ಮರಳಿನಲ್ಲಿ, ಮೊಣಕಾಲು ಅಪ್ಪಿಕೊಂಡು ಗೊಲ್ನೂಶ್ ಕೂತಿದ್ದಳು. ಒಂದೇ ತೋಳಿನಲ್ಲಿ ಪಟ್ಟಿ, ಇನ್ನೊಂದು ಟಾರ್ಪಾಲಿನ ಅಡಿ ತೂರುವಾಗಲೇ ಕಳಚಿರಬೇಕು. ತುಟಿ ನೀಲಿಗಟ್ಟಿತ್ತು.

ಶಹ್ಲಾ ತೆವಳಿಕೊಂಡು ಹೋಗಿ ಅವಳನ್ನು ಎದೆಗೊತ್ತಿಕೊಂಡಳು. "ಇಲ್ಯಾಕೆ ಕೂತ್ಯೇ? ನಮ್ಮಿಬ್ರಲ್ಲಿ ಯಾರ ಹತ್ರಾನಾದ್ರೂ ಬರಬಾರದಿತ್ತಾ?"

"ಅಪ್ಪ ಹೇಳಿದ್ದು ಮರ್ತುಹೋಯ್ತು," ಎಂದಿತು ಮಗು. "ನಿಮ್ಮಮ್ಮಂಗೆ ಹೇಳು ಅಂದ್ರು, ಆಮೇಲೆ ಏನೋ ಅಂದ್ರು. ನೆನಪು ಮಾಡ್ಕೊಳ್ಳೋಣ ಅಂತ ಕೂತೆ. ತಪ್ಪು ಹೇಳಿದ್ರೆ ನೀನು ಇನ್ನೂ ಜೋರು ಸಿಟ್ಟಾಗ್ತೀಯ. ಕೇಳೋಕೆ ಹೋದ್ರೆ ಅಪ್ಪ, ನಿಮ್ಮಮ್ಮನ ಹಾಗೇ ಮರೀತೀಯ ಅಂತಾರೆ."

ಒಂದೂವರೆ ಗಂಟೆಗೂ ಮೇಲೆ. ಎರಡೂ ಕಡೆ ನೂರಾರು ಜನ ನಗುತ್ತ ಈಜಾಡುವಾಗ ಈ ಜೀವ ಒಂದು ವಾಕ್ಯ ನೆನಪಿಸಿಕೊಳ್ಳುತ್ತ ನಡುಗುತ್ತಿತ್ತು. ಶಹ್ಲಾ ಗಂಡನತ್ತ ನೋಡಿದಳು. "ಏನ್ ಹೇಳಿ ಕಳಿಸಿದ್ರಿ?"

ಇರಜ್ ಬಾಯಿ ತೆರೆದ. ಹಣೆ ಉಜ್ಜಿಕೊಂಡ. ಬಾಚಣಿಗೆಯ ವಿಷಯವೋ, ಬೇಗ ಹೊರಡುವುದೋ, ಏನೂ ಹೊಳೆಯಲಿಲ್ಲ.

"ನಂಗೂ ನೆನಪಿಲ್ಲ," ಎಂದ.

ಗೊಲ್ನೂಶ್ ಅಮ್ಮನ ತೆಕ್ಕೆಯಿಂದಲೇ ಕತ್ತು ಹೊರಳಿಸಿ ಅಪ್ಪನನ್ನು ನೋಡಿದಳು. ಅವಳಿಗಿನ್ನೂ ಬಿಕ್ಕು ನಿಂತಿರಲಿಲ್ಲ.

"ಹಾಗಾದ್ರೆ ಅಮ್ಮಂಗೆ ಏನಂತ ಹೇಳ್ಲಿ?" ಎಂದು ಕೇಳಿದಳು.