ಚೀಟಿಯಲ್ಲಿ ಬರೆಯದ ಎರಡು ಹನಿ

ಅಕ್ಕ ಐದು ವರ್ಷ ಒದ್ದಾಡಿ ಸೋತ ಬೀಜವನ್ನೇ ಹಿಡಿದುಕೊಂಡು ತಂಗಿಯೂ ಅದೇ ಪ್ರಯೋಗಾಲಯ ಸೇರಿದ್ದಳು. ಬೇರೆ ಬೀಜವೇ ಸಿಗಲಿಲ್ಲವೇನೇ ಎಂದು ಕೇಳಿದವರ ಎದುರೇ ಅದನ್ನೇ ಅರೆಯಲು ಕೂರುತ್ತಿದ್ದಳು. ಹಠ ಎಂದರೆ ಹಠ. ಪ್ರಯೋಗಾಲಯದ ಮೇಷ್ಟ್ರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು, ಅವರ ಹಿಂದೆಯೇ ಆ ಕೋಣೆಗೂ ಬೀಗ. ಅಷ್ಟರೊಳಗೆ ಆ ಬೀಜದ ಪ್ರೋಟೀನು ಹರಳುಗಟ್ಟಬೇಕಿತ್ತು. ಹರಳಾದರೆ ಎಕ್ಸ್-ರೇಗೆ ಒಡ್ಡಿ ಅದರ ಆಕಾರ ತಿಳಿಯಬಹುದು. ಇಲ್ಲವೆಂದರೆ ಅಕ್ಕನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದ ಮಾತೇ ಖಾಯಂ: 'ಈ ಹುಡುಗಿಗೆ ಕೈಗುಣವಿಲ್ಲ.'

ಆ ಪ್ರೋಟೀನೇನು ಸಾಮಾನ್ಯದ್ದಲ್ಲ. ಹುಳ ಬೀಜ ತಿಂದರೆ, ಹುಳದ ಹೊಟ್ಟೆಯ ಕಿಣ್ವ ಬೀಜದ ಪ್ರೋಟೀನನ್ನು ಕತ್ತರಿಸಿ ಅರಗಿಸಬೇಕಷ್ಟೆ? ಇದು ತಾನಾಗಿಯೇ ಮುಂದೆ ಬಂದು, ಮೈಯಿಂದ ಚಾಚಿಕೊಂಡ ಒಂದು ಕುಣಿಕೆಯನ್ನು ಕಿಣ್ವದ ಬಾಯಿಗೆ ಕೊಡುತ್ತದೆ. ಕಿಣ್ವ ಕಚ್ಚುತ್ತದೆ. ಆಮೇಲೆ ಅದು ಬಾಯಿಗೆ ಬಿದ್ದ ಬಿಸಿತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಇಂಥ ಕುಣಿಕೆ ಎರಡು, ಆ ಕಡೆಗೊಂದು ಈ ಕಡೆಗೊಂದು, ಎರಡು ಬಗೆಯ ಕಿಣ್ವಕ್ಕೆ. ಕುಣಿಕೆ ಸಡಿಲವಾಗದಂತೆ ಇಡೀ ಮೈಯನ್ನು ಗಂಧಕದ ಏಳು ಗಂಟುಗಳು ಬಿಗಿದಿರುತ್ತವೆ. ನೀರಲ್ಲಿ ಕುದಿಸಿದರೂ ಅವು ಜಪ್ಪಯ್ಯ ಅಂದರೂ ಬಿಡುವುದಿಲ್ಲ.

ಇಷ್ಟು ಗಟ್ಟಿ ಪ್ರೋಟೀನು ಅಕ್ಕನ ಕೈಯಲ್ಲಿ ವಾರದೊಳಗೆ ಲೊಳೆಯಾಗುತ್ತಿತ್ತು. ತಂಗಿಯ ಕೈಯಲ್ಲೂ ಲೊಳೆಯೇ. "ದ್ರಾವಣದಲ್ಲೇ ಏನಾದ್ರೂ ತಪ್ಪಿರಬಹುದಾ ಸಾರ್?" ಎಂದು ಅಕ್ಕ ಆಗ ಒಮ್ಮೆ ಕೇಳಿದ್ದಕ್ಕೆ ಮೇಷ್ಟ್ರು ಎಲ್ಲರೆದುರೇ, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದಿದ್ದರು. ಎಲ್ಲರೂ ನಕ್ಕರು. ಅಕ್ಕ ಬಿಟ್ಟು ಹೋದಳು. ಈಗ ಎದುರು ಬೀದಿಯ ಔಷಧಿ ಅಂಗಡಿಯಲ್ಲಿ ಕೆಲಸ. ಮನೆಯಲ್ಲಿ ಹಾಲು ಒಡೆದರೂ ತನ್ನ ಕೈ ನೋಡಿಕೊಳ್ಳುವಳು. "ಉಪ್ಪು ನೀನೇ ಹಾಕೇ, ನನ್ನ ಕೈ ಸರಿಯಿಲ್ಲ" ಎನ್ನುವುದು ಅವಳ ದಿನದ ಮಾತಾಗಿತ್ತು. ತಂಗಿ ಅದೇ ಬೀಜ ಹಿಡಿದದ್ದು ಇದಕ್ಕೇ.

ಆ ಕೋಣೆಯಲ್ಲಿ ಪ್ರೋಟೀನು ಕರಗಿಸಿಡುವ ದ್ರಾವಣ ಮಾಡುವ ಹಕ್ಕು ಮೇಷ್ಟ್ರೊಬ್ಬರದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ದೊಡ್ಡ ಬಾಟಲಿಗಳನ್ನು ತುಂಬಿಸಿ, ಏನೇನು ಎಷ್ಟೆಷ್ಟು ಎಂದು ಚೀಟಿ ಅಂಟಿಸಿ ಸಾಲಾಗಿ ಇಡುತ್ತಿದ್ದರು. ಈ ಸಲ ಪಿಂಚಣಿ ಕಾಗದಕ್ಕೆಂದು ಹದಿನೈದು ದಿನ ಕಚೇರಿ ಕಚೇರಿ ಅಲೆದರು. ಬಾಟಲಿ ಖಾಲಿಯಾಯಿತು. ತಂಗಿ ಚೀಟಿ ಓದಿಕೊಂಡು ಮೊದಲ ಬಾರಿಗೆ ತಾನೇ ದ್ರಾವಣ ಮಾಡಿದಳು. ಹೊಸದಾಗಿ ಬೀಜ ಅರೆದು, ಸೋಸಿ, ಪ್ರೋಟೀನು ಬೇರ್ಪಡಿಸಿ, ಹರಳುಗಟ್ಟಲೆಂದು ತಟ್ಟೆಯ ಗುಳಿಗಳಲ್ಲಿ ಹನಿಹನಿ ಇಟ್ಟು ಮುಚ್ಚಿದಳು.

ಒಂಬತ್ತನೆಯ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಲೊಳೆ ಇಲ್ಲ. ಚೂಪು ಅಂಚಿನ ಹರಳುಗಳು! ಉಪ್ಪಿನದೇ ಇರಬಹುದೆಂದು ಒಂದಕ್ಕೆ ಸೂಜಿ ಒತ್ತಿದಳು. ಉಪ್ಪಾಗಿದ್ದರೆ ಕಟಕ್ಕೆನ್ನಬೇಕಿತ್ತು, ಇದು ಮೆತ್ತಗೆ ಪುಡಿಯಾಯಿತು. ಪ್ರೋಟೀನೇ. ಅಯ್ಯೋ ದೇವರೇ ಎಂದು ಮೇಷ್ಟ್ರಿಗೆ ಫೋನು ಮಾಡಿದಳು.

ಮೇಷ್ಟ್ರು ಬಂದು ನೋಡಿ ಹಿಗ್ಗಿದರು. "ಭೇಷ್! ಏನು ಬದಲಾಯಿಸ್ದೆ?"

"ಏನಿಲ್ಲ ಸಾರ್. ನಿಮ್ಮ ಚೀಟಿ ನೋಡ್ಕೊಂಡು ದ್ರಾವಣ ಮಾಡ್ದೆ, ಅಷ್ಟೇ."

"ನನ್ನ ಎರಡು ಹನಿ ಹಾಕಿದ್ಯಾ?"

"ಯಾವ ಎರಡು ಹನಿ?"

"ಅದೇ ಕಣಮ್ಮ, ಆ ನಾರೋ ಬಾಟಲಿದು. ಪ್ರೋಟೀನು ಕೆಡದೆ ಇರ್ಲಿ ಅಂತ ಮೂವತ್ತು ವರ್ಷದಿಂದ ಎಲ್ಲದಕ್ಕೂ ಹಾಕ್ತೀನಲ್ಲ. ಅದನ್ನೂ ಚೀಟೀಲಿ ಬರೀಬೇಕಾ?"

ಕೊಳೆತ ಮೊಟ್ಟೆಯ ಆ ವಾಸನೆ ಇಡೀ ಕೋಣೆಗೇ ಅಂಟಿತ್ತು, ಯಾವ ಬಾಟಲಿಯದೆಂದು ಯಾರೂ ಮೂಸಿ ನೋಡಿರಲಿಲ್ಲ. ಆ ರಾಸಾಯನಿಕದ ಕೆಲಸವೇ ಗಂಧಕದ ಗಂಟು ಬಿಚ್ಚುವುದು. ಬೇರೆಯವರ ಪ್ರೋಟೀನುಗಳಲ್ಲಿ ಅಂಥ ಗಂಟಿರಲಿಲ್ಲವಾಗಿ ಅವರಿಗೆ ಒಳ್ಳೆಯದೇ ಆಗಿತ್ತು. ಈ ಬೀಜದ್ದಕ್ಕೆ ಗಂಟೇ ಜೀವ. ತಂಗಿ ಇದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮೇಷ್ಟ್ರ ಮುಖ ತಾನಾಗಿಯೇ ಇಳಿಯಿತು. "ನಿಮ್ಮಕ್ಕನ್ನ ಕರೀತೀಯಾ?" ಎಂದರು.

ಎರಡು ಹನಿಯ ಕಥೆಯನ್ನು ತಂಗಿಯಿಂದ ದಾರಿಯಲ್ಲೇ ಕೇಳಿದ ಅಕ್ಕ ಅಂಗಡಿಯ ಬಿಳಿ ಕೋಟಿನಲ್ಲೇ ಬಂದಳು. ಸೂಕ್ಷ್ಮದರ್ಶಕದ ತಿರುಪಿಗೆ ಕೈ ಹಚ್ಚಲು ಹಿಂಜರಿದು, "ನೀನೇ ತಿರುಗಿಸೇ" ಎಂದಳು.

"ನೀನೇ ತಿರುಗಿಸಕ್ಕ. ಏನೂ ಆಗಲ್ಲ."

ತಿರುಗಿಸಿದಳು. ಬಗ್ಗಿ ಒಂದೊಂದೇ ಗುಳಿಯ ಹರಳು ನೋಡಿದಳು.

"ನೆಲಾನೇ ಡೊಂಕಿತ್ತಮ್ಮ" ಎಂದರು ಮೇಷ್ಟ್ರು. "ಡೊಂಕು ಮಾಡಿದ್ದು ನಾನು." ಅಕ್ಕನ ಹಳೆಯ ನೋಟ್‌ಬುಕ್ಕು ತೆಗೆದು, ಕೊನೆಯ ಪುಟದ ತಮ್ಮ ಸಾಲನ್ನು ಹೊಡೆದುಹಾಕಲು ಪೆನ್ನಿನ ಮುಚ್ಚಳ ಬಿಚ್ಚಿದರು.

"ಅದು ಇರ್ಲಿ ಬಿಡಿ ಸಾರ್" ಎಂದಳು ಅಕ್ಕ. "ಬಾಟಲಿ ಮೇಲೆ ಬರೀರಿ."

ಮೇಷ್ಟ್ರು ಸಾಲಿನಲ್ಲಿದ್ದ, ತಾವು ತುಂಬಿಸಿದ್ದ ಒಂದೊಂದೇ ಬಾಟಲಿ ಎತ್ತಿಕೊಂಡು, ಚೀಟಿಯ ಕೆಳಗೆ ಆ ಎರಡು ಹನಿಯನ್ನೂ ಬರೆದರು.

ಆ ಸಂಜೆ ಅಡುಗೆಗೆ ಉಪ್ಪು ಹಾಕಿದ್ದು ಅಕ್ಕ. ಒಂದಿಷ್ಟು ಜಾಸ್ತಿಯಾಯಿತು. ಅವಳು ತನ್ನ ಕೈ ನೋಡಿಕೊಳ್ಳಲಿಲ್ಲ, ಒಂದು ಲೋಟ ನೀರು ಹೊಯ್ದು ಮತ್ತೆ ಒಲೆಯ ಮೇಲಿಟ್ಟಳು.