ಬಲಗಡೆಯ ಹುಳಗಳು

ಬೆಳಗಿನಿಂದ ಐದು ಕಾರು ತೊಳೆದು ಅವಳ ಮೈ ಹಣ್ಣಾಗಿತ್ತು. ಸೊಂಟ ತನ್ನದೋ ಪಕ್ಕದವರದೋ ತಿಳಿಯದಷ್ಟು ಮರಗಟ್ಟಿತ್ತು. ಮೂರೂವರೆಗೆ ಕೊನೆಗೂ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಚಹಾದ ಲೋಟ ಬಾಯಿಗಿಡಬೇಕು, ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಹಾರ್ನ್ ಕಿವಿ ಕಿತ್ತುಹೋಗುವ ಹಾಗೆ ಬಡಿದುಕೊಂಡಿತು. ಯಾವನಪ್ಪ ಇವನು ಎಂದು ತಲೆಯೆತ್ತಿದರೆ, ಅಪ್ಪ!

ನಲವತ್ತು ವರ್ಷ ಗಾಡಿ ಓಡಿಸಿ ಹಾರ್ನ್ ಮುಟ್ಟದ ಮನುಷ್ಯ ಆತ. ಅದಕ್ಕೇ ಇಡೀ ಬೀದಿ ತಮಾಷೆಗೆ ‘ಹಾರ್ನಣ್ಣ’ ಎಂದು ಕರೆಯುತ್ತಿತ್ತು. “ಕಣ್ಣಿದ್ದವನಿಗೆ ಹಾರ್ನ್ ಯಾಕಯ್ಯಾ?” ಎಂದು ಎದೆಯುಬ್ಬಿಸಿ ಕೇಳುತ್ತಿದ್ದ ಆಸಾಮಿ, ಇವತ್ತು ಯಾರೂ ಅಡ್ಡವಿಲ್ಲದ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಬಡಿಯುತ್ತಿದ್ದ.

ಅಪ್ಪ ಕೆಲಸಕ್ಕಿದ್ದ ಮನೆಯ ಯಜಮಾನರ ಬಿಳಿ ಕಾರು ಒಳಗೆ ಬಂತು. ಅಪ್ಪ ಇಳಿದು, “ಸುಮ್ನೆ ನೀರು ಹಾಯಿಸ್ಬಿಡಮ್ಮ ಸಾಕು. ಹುಳಗಿಳ ಎಲ್ಲಾ ಬೆಳಗ್ಗೆ ನಾನೇ ತೆಗ್ದಿದೀನಿ. ನೀನು ಮೊದ್ಲೇ ಸುಸ್ತಾಗಿರ್ತೀಯ” ಎಂದ.

“ಏನು ಅವಸರ?”

“ಆರು ಗಂಟೆಗೆ ಹೊರಡ್ಬೇಕು. ಯಜಮಾನ್ರು, ಅಮ್ಮಾವ್ರು, ಪುಟ್ಟಿ. ಮುನ್ನೂರು ಕಿಲೋಮೀಟರ್.”

“ಆರಕ್ಕಾ? ಕತ್ತಲಾಗಲ್ವಾ ಅಪ್ಪ?”

“ಕತ್ತಲಾದ್ಮೇಲೆ ಯಜಮಾನ್ರೇ ಓಡಿಸ್ತಾರೆ. ನಿನಗೆ ಮಾತು ಕೊಟ್ಟಿಲ್ವಾ ನಾನು?”

ಕೊಟ್ಟಿದ್ದ, ನಿಜ. ಮೂರು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ಅವಳೆದುರೇ ಹೇಳಿದ್ದರು: ಎರಡೂ ಕಣ್ಣಲ್ಲಿ ಬಲಗಡೆಯ ನೋಟ ಮುಚ್ಚಿಕೊಳ್ಳುತ್ತಿದೆ, ಎಷ್ಟು ಹೋಗಿದೆ ಅಂತ ಇವರಿಗೇ ಗೊತ್ತಾಗಲ್ಲ, ಗಾಡಿ ಬಿಟ್ಟುಬಿಡಲಿ. ಮನೆಗೆ ಬಂದವನೇ ಅಪ್ಪ ಅವಳ ಕೈ ಹಿಡಿದುಕೊಂಡಿದ್ದ. ಹಗಲು ಹೊತ್ತು ಮಾತ್ರ, ಊರೊಳಗೆ ಮಾತ್ರ, ಯಜಮಾನರಿಗೆ ಹೇಳಬೇಡಮ್ಮ. ಸ್ಟೇರಿಂಗ್ ಬಿಟ್ಟರೆ ತಾನು ಯಾರು ಎಂದು ಗೊತ್ತಿಲ್ಲದ ಮನುಷ್ಯ. ಅವಳು ಹೂಂ ಅಂದುಬಿಟ್ಟಿದ್ದಳು.

ಚಹಾ ಅಲ್ಲೇ ಇಟ್ಟು ಕಾರಿನ ಮುಂದೆ ಬಂದು ನಿಂತಳು.

ಎದುರು ನಿಂತವರ ಎಡಕ್ಕೆ ಬಾನೆಟ್ಟು ಫಳಫಳ ಹೊಳೆಯುತ್ತಿತ್ತು. ಬಲಕ್ಕೆ ತುಂಬ ಹುಳ. ದೀಪಕ್ಕೆ ಮುತ್ತುವ ಪತಂಗಗಳು ರೆಕ್ಕೆಯ ಪುಡಿಯ ಸಮೇತ ಅಪ್ಪಚ್ಚಿಯಾಗಿ ಒಣಗಿದ್ದವು. ಹಗಲಲ್ಲಿ ಊರೊಳಗೆ ಓಡಾಡಿದ ಕಾರಿಗೆ ಇಷ್ಟು ಪತಂಗ ಎಲ್ಲಿಂದ ಬರಬೇಕು? ಕಾರನ್ನು ಬಳಸಿ ಡ್ರೈವರ್ ಬಾಗಿಲ ಕಡೆ ಹೋದಳು. ಚಕ್ರದ ಹಿಂದೆಲ್ಲ ಡಾಂಬರಿನ ಕರಿ ಚುಕ್ಕೆ. ಊರಾಚೆಯ ದೊಡ್ಡ ರಸ್ತೆಗೆ ಹೊಸ ಡಾಂಬರು ಹಾಕಿ, ಯಾರೂ ಹಾಯಬಾರದೆಂದು ಡ್ರಮ್ ಅಡ್ಡ ಇಟ್ಟಿರುವುದು ಅವಳಿಗೆ ಗೊತ್ತಿತ್ತು. ಆ ಡ್ರಮ್ಮುಗಳೇ ಅಪ್ಪನಿಗೆ ಕಂಡಿಲ್ಲ.

ಅಳು ಬರಲಿಲ್ಲ, ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕೆ ಅಪ್ಪನ ಮೇಲೆ ಬಂತು, ನಂಬಿದ್ದಕ್ಕೆ ತನ್ನ ಮೇಲೂ ಬಂತು. ಅವನನ್ನು ತಾತಾ ತಾತಾ ಎಂದು ಕರೆದು ಹಿಂದಿನ ಸೀಟಿನಲ್ಲಿ ನಿದ್ದೆಹೋಗುವ ಯಜಮಾನರ ಮನೆಯ ಆ ಪುಟ್ಟಿಯ ನೆನಪಾಯಿತು. ಬಾಯಿಗೆ ಬಂದ ಮಾತು ನುಂಗಿದಳು. ಬೈದರೆ ಮತ್ತೆ ಕೈ ಹಿಡಿದುಕೊಳ್ಳುತ್ತಾನೆ, ತಾನು ಮತ್ತೆ ಹೂಂ ಅನ್ನುತ್ತಾಳೆ. ತನ್ನ ಹಣೆಬರಹ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬರೀ ನೀರು ಹಾಯಿಸಿದಳು. ಒಣಗಿದ ಹುಳ ಬರೀ ನೀರಿಗೆ ಜಗ್ಗುವುದಿಲ್ಲ, ಡಾಂಬರಿನ ಮಾತಂತೂ ಬೇಡ. ಪೈಪ್ ಕೆಳಗಿಟ್ಟು ಕೂಗಿದಳು, “ಅಪ್ಪಾ, ಬಾ. ಪಾಸ್ ಮಾಡು.”

ಈ ಕೆಲಸ ಕಲಿಸಿದವನೇ ಅಪ್ಪ. ಒದ್ದೆ ಬಟ್ಟೆ ಹೊದಿಸಿ ಹುಳ ನೆನೆಯಲು ಬಿಡು, ಒಣಗಿದ್ದನ್ನು ಉಜ್ಜಿದರೆ ಪೇಂಟ್ ಗೀರುತ್ತೆ. ಡಾಂಬರಿಗೆ ಎಣ್ಣೆಯ ಹತ್ತಿ ಒತ್ತಿ ಕಾಯಿ, ಅದು ತಾನೇ ಕರಗಿ ಇಳಿಯುತ್ತೆ. ಕೆಲಸ ಮುಗಿದ ಮೇಲೆ ಕಾರನ್ನು ಒಂದು ಸುತ್ತು ಹಾಕಿ ಅವನು “ಪಾಸ್” ಅನ್ನುವ ತನಕ ಅವಳಿಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ.

ಅಪ್ಪ ಬಂದು ಬಾನೆಟ್ಟಿನ ಮುಂದೆ ಬಗ್ಗಿದ. ಕಣ್ಣು ಕಿರಿದು ಮಾಡಿದ. ಒಂದು ಸುತ್ತು ಹಾಕಿದ. ಡಾಂಬರು ಮೆತ್ತಿದ ಬಾಗಿಲ ಪಕ್ಕದಲ್ಲೇ ಹಾದು ಬಂದ.

“ಪಾಸ್!” ಎಂದ ನಗುತ್ತಾ. “ಕನ್ನಡಿ ಆಗಿದೆ ನೋಡು.”

ಅವಳ ಕಣ್ಣಲ್ಲಿ ಆಗ ನೀರು ಬಂತು. ಮೊಳೆಗೆ ನೇತುಹಾಕಿದ್ದ ತೆಳು ಪ್ಲಾಸ್ಟಿಕ್ ಚೀಲ ತಂದು ಅಪ್ಪನ ಅಂಗೈಗೆ ತೊಡಿಸಿದಳು. ಕಣ್ಣಿಗೆ ಬೀಳದ ಕೊಳೆ ಚೀಲ ತೊಟ್ಟ ಕೈಗೆ ಸಿಗುತ್ತೆ. ಅದೂ ಅವನೇ ಕಲಿಸಿದ್ದು. ಮಣಿಕಟ್ಟು ಹಿಡಿದು ಅವನ ಕೈಯನ್ನು ಬಾನೆಟ್ಟಿನ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಎಳೆದಳು. ಅರ್ಧದವರೆಗೆ ನುಣ್ಣಗೆ ಜಾರಿತು. ಆಮೇಲೆ ಕರಕರ ಎಂದಿತು.

ಅಪ್ಪನ ನಗು ನಿಂತಿತು. ಅವಳು ಕೈ ಬಿಟ್ಟಳು, ಅವನು ನಿಲ್ಲಿಸಲಿಲ್ಲ. ತಾನೇ ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ ಸವರುತ್ತಾ ಹೋದ.

“ಇಷ್ಟೊಂದಾ?” ಎಂದ.

“ಅರ್ಧ ಕಾರು, ಅಪ್ಪ. ಡ್ರೈವರ್ ಬಾಗಿಲ ತುಂಬ ಡಾಂಬರಿದೆ. ರಾತ್ರಿ ಹೋಗಿದ್ದೆ, ಅಲ್ವಾ?”

“ಮೂರ್ನಾಲ್ಕು ಸಲ” ಎಂದ ಅಪ್ಪ. “ಪುಟ್ಟಿ ಹಿಂದೆ ಮಲಗಿತ್ತು” ಎಂದು ಮಗುಚಿಟ್ಟ ಬಕೆಟ್ಟಿನ ಮೇಲೆ ಕುಸಿದು ಕೂತ. ನಲವತ್ತು ವರ್ಷದ ದಣಿವು ಒಂದೇ ಸಲ ಮುಖಕ್ಕೆ ಇಳಿದಂತಿತ್ತು. ಅವಳು ತನ್ನ ಆರಿದ ಚಹಾ ಅವನ ಕೈಗಿಟ್ಟಳು. ಕುಡಿದ.

“ಯಜಮಾನ್ರಿಗೆ ನೀನೇ ಹೇಳ್ತೀಯಾ?” ಎಂದು ಕೇಳಿದ.

“ಇಲ್ಲ. ನೀನೇ ಹೇಳು.”

ಫೋನ್ ಹಚ್ಚಿಕೊಟ್ಟಳು. ಅಪ್ಪ ಎದ್ದು ನಿಂತು ಮಾತಾಡಿದ. ಯಜಮಾನರ ಜೊತೆ ಕೂತು ಮಾತಾಡಿದವನಲ್ಲ. “ಸ್ವಾಮಿ, ಇವತ್ತು ಬೇರೆ ಡ್ರೈವರ್ ನೋಡ್ಕೊಳ್ಳಿ... ಇಲ್ಲ, ಜ್ವರ ಅಲ್ಲ. ಕಣ್ಣು. ಮೂರು ತಿಂಗಳಿಂದ ಮುಚ್ಚಿಟ್ಟಿದ್ದೆ, ತಪ್ಪಾಯ್ತು... ಇವತ್ತೊಂದಿನ ಅಲ್ಲ ಸ್ವಾಮಿ. ಇನ್ಮೇಲೆ.”

ಕೀಲಿ ತೆಗೆದು ಅವಳ ಮುಂದೆ ಚಾಚಿದ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒದ್ದೆ ಬಟ್ಟೆಯನ್ನು ಹುಳಗಳ ಮೇಲೆ ಹೊದಿಸಿದಳು. ಕೈ ಎತ್ತಲಾಗದಷ್ಟು ಸೋತಿತ್ತು. ಅಪ್ಪ ಎಣ್ಣೆಯ ಹತ್ತಿ ಕೇಳಿ ಇಸಿದುಕೊಂಡು ಡ್ರೈವರ್ ಬಾಗಿಲ ಬಳಿ ಮಂಡಿಯೂರಿದ. ಚೀಲ ತೊಟ್ಟ ಕೈಯಿಂದ ಒಂದೊಂದೇ ಚುಕ್ಕೆ ಹುಡುಕಿ, ಹತ್ತಿ ಒತ್ತಿ, ಕಾದು, ಒರೆಸಿದ. ಕರಗಿದ ಡಾಂಬರು ಕಂದು ಗೆರೆಯಾಗಿ ಬಾಗಿಲ ಮೇಲೆ ಇಳಿಯಿತು.

ಬಹಳ ಹೊತ್ತಾದ ಮೇಲೆ ಅವಳ ಕಡೆ ತಿರುಗಿದ.

“ಪಾಸಾ, ಮಗಳೇ?”

ಅವಳು ಬಗ್ಗಿ ನೋಡಿದಳು.

“ಇಲ್ಲಪ್ಪ” ಎಂದಳು. “ಇನ್ನೂ ಸ್ವಲ್ಪ ಬಲಕ್ಕಿದೆ.”